ಹನ್ನೊಂದನೇ ಕ್ಲಾಸಿನಲ್ಲಿ ನಾನು ಅಮೆರಿಕದ ಇತಿಹಾಸ ಓದಿದ ಬಗೆ

ಶಿವಮೊಗ್ಗದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಅಪ್ಪನಿಗೆ ಕ್ಯಾಲಿಫೋರ್ನಿಯಾಕ್ಕೆ ವರ್ಗವಾಯಿತು. ಆಗಸ್ಟಿನಲ್ಲಿ ಫ್ರೀಮಾಂಟಿನ ಒಂದು ಹೈಸ್ಕೂಲಿಗೆ ಸೇರಿದೆ. ಅಲ್ಲಿ ಹನ್ನೊಂದನೇ ಕ್ಲಾಸಿನವರೆಲ್ಲ ಅಮೆರಿಕದ ಆಧುನಿಕ ಇತಿಹಾಸ ಓದಲೇಬೇಕು. ಜೊತೆಗಿದ್ದವರು ಸ್ವಾತಂತ್ರ್ಯ ಯುದ್ಧ, ಅಂತರ್ಯುದ್ಧ ಎಲ್ಲವನ್ನೂ ಐದು ಮತ್ತು ಎಂಟನೇ ಕ್ಲಾಸಿನಲ್ಲೇ ಓದಿದ್ದರು. ನನಗೆ ಲಿಂಕನ್ ಹೆಸರು ಬಿಟ್ಟರೆ ಜಾಸ್ತಿ ಏನೂ ಗೊತ್ತಿರಲಿಲ್ಲ.

ಮೊದಲ ಪ್ರಬಂಧ 1929ರ ಆರ್ಥಿಕ ಕುಸಿತದ ಬಗ್ಗೆ. ನನಗೆ ಬರುತ್ತಿದ್ದ ರೀತಿಯಲ್ಲೇ ಬರೆದೆ. ಕಾರಣಗಳು ಅಂತ ತಲೆಬರಹ, ಕೆಳಗೆ ಸ್ಕೇಲಿಟ್ಟು ಗೆರೆ, ಆಮೇಲೆ ನಂಬರ್ ಹಾಕಿದ ಪಾಯಿಂಟುಗಳು: ಷೇರುಪೇಟೆ ಬಿದ್ದದ್ದು, ಬ್ಯಾಂಕುಗಳು ಮುಳುಗಿದ್ದು, 1930ರಲ್ಲಿ ಆಮದು ಸುಂಕ ಏರಿಸಿದ್ದು. ಒಂದೂ ತಪ್ಪಿರಲಿಲ್ಲ. ಆದರೂ ಅಂಕ ತುಂಬಾ ಕಡಿಮೆ ಬಂತು. ಮೇಷ್ಟ್ರು ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: 'ಇದರಲ್ಲಿ ನಿನ್ನ ವಾದ ಎಲ್ಲಿದೆ?'

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋಗಿ ಕೇಳಿದೆ. ಇಷ್ಟು ಕಾರಣಗಳಲ್ಲಿ ಯಾವುದು ಹೆಚ್ಚು ತೂಕದ್ದು ಅಂತ ನೀನು ಹೇಳಬೇಕು, ಹೇಳಿದ್ದನ್ನು ಆ ಕಾಲದ ಕಾಗದಪತ್ರಗಳಿಂದ ತೋರಿಸಬೇಕು ಅಂದರು. ಹತ್ತು ವರ್ಷ ಬಾಯಿಪಾಠ ಮಾಡಿ ಬಂದವನಿಗೆ ಇದು ಕಷ್ಟವಾಯಿತು. ಅಂದಿನಿಂದ ಯಾವ ದಾಖಲೆ ಕೊಟ್ಟರೂ ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಳ್ಳುತ್ತಿದ್ದೆ: ಯಾರು ಬರೆದದ್ದು, ಯಾರಿಗೆ, ಯಾವಾಗ, ಏನನ್ನು ಹೇಳದೆ ಬಿಟ್ಟಿದ್ದಾರೆ. ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು.

ಅದು ಅರ್ಥವಾದದ್ದು ಎರಡನೇ ಮಹಾಯುದ್ಧದ ಪಾಠದಲ್ಲಿ. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶವನ್ನು ಪೂರ್ತಿ ಓದಿಸಿದರು. ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಅಟ್ಟಿದ್ದು ಈ ಆದೇಶದ ಬಲದಿಂದಲೇ. ಆದರೆ ಅದರಲ್ಲಿ ಜಪಾನಿ ಅನ್ನುವ ಪದ ಎಲ್ಲೂ ಇಲ್ಲ! ಎರಡೆರಡು ಸಲ ಹುಡುಕಿದೆ. ಆಮೇಲೆ ಸೇನೆ ಬೀದಿಗಳಲ್ಲಿ ಅಂಟಿಸಿದ ನೋಟಿಸ್ ಕೊಟ್ಟರು. ಅದರಲ್ಲಿ ಜಪಾನಿ ಮೂಲದವರು ಅಂತ ದಪ್ಪಕ್ಷರದಲ್ಲೇ ಇತ್ತು. ಜೊತೆಗೆ 'ಏಲಿಯನ್ ಮತ್ತು ನಾನ್-ಏಲಿಯನ್' ಅಂತ. ನಾನ್-ಏಲಿಯನ್ ಅಂದರೆ ವಿದೇಶಿಯಲ್ಲದವರು. ವಿದೇಶಿಯಲ್ಲದವರು ಅಂದರೆ ಅಮೆರಿಕದ ಪ್ರಜೆಗಳೇ ಅಲ್ವಾ? ಪ್ರಜೆ ಅಂತ ಬರೆದರೆ ಅದು ಎಂಥ ಅನ್ಯಾಯ ಅಂತ ಓದಿದ ತಕ್ಷಣ ತಿಳಿಯುತ್ತದೆ. ಅದಕ್ಕೇ ಆ ಪದ ತಪ್ಪಿಸಿದ್ದಾರೆ ಅಂತ ಬರೆದೆ. ಅದೇ ನನ್ನ ಮೊದಲ ವಾದ.

ಒಂದು ಶನಿವಾರ ಬಾರ್ಟ್ ರೈಲು ಹತ್ತಿ ಸ್ಯಾನ್ ಬ್ರೂನೋಗೂ ಹೋಗಿಬಂದೆ. ಅಲ್ಲಿ ಟ್ಯಾನ್‌ಫೊರಾನ್ ಅನ್ನುವ ಕುದುರೆ ರೇಸಿನ ಮೈದಾನವಿತ್ತು. 1942ರಲ್ಲಿ ಎಷ್ಟೋ ಕುಟುಂಬಗಳನ್ನು ತಿಂಗಳುಗಟ್ಟಲೆ ಅಲ್ಲಿನ ಕುದುರೆ ಲಾಯದಲ್ಲಿ ಇಟ್ಟಿದ್ದರು. ಪಠ್ಯದಲ್ಲಿ ಅದಕ್ಕೆ ಒಂದೇ ಸಾಲು.

ವರ್ಷದ ಕೊನೆಗೆ ಮನೆಯ ಹಿರಿಯರೊಬ್ಬರ ಕಥೆಯನ್ನು ದೇಶದ ಇತಿಹಾಸದ ಜೊತೆ ಸೇರಿಸಿ ಬರೆಯಬೇಕಿತ್ತು. ನಾನು ಸ್ಯಾನ್ ಹೋಸೆಯಲ್ಲಿದ್ದ ದೊಡ್ಡಪ್ಪನ ಹತ್ತಿರ ಹೋದೆ. ಅವರು 1972ರಲ್ಲಿ ಎಂಜಿನಿಯರ್ ಆಗಿ ಬಂದವರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ ಹೇಗೆ ಬಂದಿರಿ ಅಂತ ಕೇಳಿದರೆ, "ಕೆಲಸ ಸಿಕ್ತು, ಬಂದೆ" ಅಂದು ಸುಮ್ಮನಾದರು.

ಆಗ ನಾನು ಓದಿದ್ದನ್ನು ಹೇಳಿದೆ. ಭಾರತೀಯರು ಬಿಳಿಯರಲ್ಲ, ಹಾಗಾಗಿ ಪ್ರಜೆಗಳಾಗುವಂತಿಲ್ಲ ಅಂತ 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. 1946ರಲ್ಲಿ ಕಾನೂನು ಬದಲಾಯಿತು, ಆದರೂ ಬಂದು ನೆಲೆಸಲು ಭಾರತಕ್ಕೆ ಇಟ್ಟ ಕೋಟಾ ವರ್ಷಕ್ಕೆ ಬರೀ 100. ಬಾಗಿಲು ಸರಿಯಾಗಿ ತೆರೆದದ್ದು 1965ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನಿನಿಂದ. ಅದಕ್ಕೂ ಮೊದಲು 1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾನೂನು, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು. ಹದಿನೈದು ತಿಂಗಳಲ್ಲಿ ಮೂರೂ ಬಂದವು. ಮೊದಲ ಎರಡಕ್ಕಾಗಿ ಕಪ್ಪು ಜನರು ದಕ್ಷಿಣದ ಊರೂರುಗಳಲ್ಲಿ ಪೊಲೀಸರ ಏಟು ತಿಂದಿದ್ದರು. ಮೂರನೆಯದಕ್ಕೂ ಗಾಳಿ ಬೀಸಿದ್ದು ಆ ಹೋರಾಟದಿಂದಲೇ.

"ದೊಡ್ಡಪ್ಪ, ಹತ್ತು ವರ್ಷ ಮುಂಚೆ ಬಂದಿದ್ರೆ?"

"ಉಳಿಯೋಕೆ ಆಗ್ತಿರ್ಲಿಲ್ವೇನೋ ಮಗಾ. ಇದನ್ನ ನಂಗೆ ಯಾರೂ ಹೇಳಿರ್ಲಿಲ್ಲ."

ಆಮೇಲೆ ಎರಡು ಗಂಟೆ ಅವರೇ ಮಾತಾಡಿದರು. ಬರೆದದ್ದನ್ನೆಲ್ಲ ಮುಂದಿನ ವಾರ ಕನ್ನಡದಲ್ಲಿ ಓದಿ ಹೇಳಿದೆ. ಜನವರಿಯಲ್ಲಿ ಬಂದಿಳಿದೆ ಅಂದವರು ಈಗ ಅನುಮಾನದಿಂದ ಎದ್ದು ಹೋಗಿ, ಟ್ರಂಕಿನಿಂದ ಹಳೇ ಪಾಸ್‌ಪೋರ್ಟ್ ತಂದರು. ಮುದ್ರೆ ಮಾಸಿತ್ತು. ಇಬ್ಬರೂ ಕಿಟಕಿ ಹತ್ತಿರ ಹಿಡಿದು ನೋಡಿದೆವು. ಫೆಬ್ರುವರಿ.