ಗಾಯಗೊಂಡವರು ನಿಜಕ್ಕೂ ಕೆಲಸಕ್ಕೆ ಮರಳಿದರಾ? ಲೆಕ್ಕ ಹಾಕುವುದು ಹೀಗೆ

ಕಲಬುರಗಿ ಜಿಲ್ಲೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ದೊಡ್ಡ ಬೋರ್ಡ್ ಇತ್ತು. ಅಪಘಾತದಿಂದ ಒಬ್ಬರೂ ಕೆಲಸ ತಪ್ಪಿಸಿಕೊಳ್ಳದೆ ಎಷ್ಟು ದಿನ ಆಯಿತು ಅನ್ನುವ ನಂಬರ್ ಅದರಲ್ಲಿ. ಒಳಗೆ ಟೈಮ್ ಆಫೀಸಿನ ಪಕ್ಕದ ಬೆಂಚಿನ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬರು ಕೂತಿದ್ದರು. ಏನು ಡ್ಯೂಟಿ ಅಂತ ಕೇಳಿದೆ. "ಕುಂದರ್ಲಾಕ ಬಂದೀನ್ರಿ, ದುಡೀಲಾಕ ಅಲ್ಲ" ಅಂದರು. ಕಂಪನಿ ಜೀಪೇ ಮನೆಗೆ ಹೋಗಿ ಕರೆತರುತ್ತಿತ್ತು. ಹಾಜರಿ ಬಿದ್ದರೆ ಬೋರ್ಡಿನ ನಂಬರ್ ಉಳಿಯುತ್ತದೆ, ಅಲ್ವಾ?

ಗಾಯಗೊಂಡವರನ್ನು ಮತ್ತೆ ಕೆಲಸಕ್ಕೆ ತರುವ ಯೋಜನೆ ಈಗ ಹಲವು ಕಡೆ ಕಾಗದದ ಮೇಲಿದೆ. ಅದು ನಡೆಯುತ್ತಿದೆಯೇ ಅಂತ ನೋಡುವ ಕೆಲಸ ಎಚ್‌ಆರ್‌ನವರಿಗೋ ಸುರಕ್ಷತಾ ಸಮಿತಿಗೋ ಬೀಳುತ್ತದೆ. ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ.

ಹೆಜ್ಜೆ 1: ಪಟ್ಟಿ ಮಾಡಿ

ಮರಳಿ ಬಂದವರಿಂದ ಶುರು ಮಾಡಬೇಡಿ, ಗಾಯಗೊಂಡವರಿಂದ ಶುರು ಮಾಡಿ. ಒಂದು ವರ್ಷದ ಅಪಘಾತ ಪುಸ್ತಕ ತೆಗೆಯಿರಿ. ಅದಷ್ಟೇ ಸಾಲದು. ಪ್ರಥಮ ಚಿಕಿತ್ಸಾ ಕೋಣೆಯ ಪುಸ್ತಕ, ಇಎಸ್‌ಐಗೆ (ನೌಕರರ ಸರ್ಕಾರಿ ವಿಮಾ ಯೋಜನೆ) ಕಳಿಸಿದ ವರದಿಗಳು, ಗುತ್ತೇದಾರರ ಹಾಜರಿ ಪಟ್ಟಿ, ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೊಂದಿಸಿ. ಇಎಸ್‌ಐನಲ್ಲಿ ತಾತ್ಕಾಲಿಕ ಅಸಮರ್ಥತೆಯ ಹಣ ಸಿಗಬೇಕಾದರೆ ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದಂತಿರಬೇಕು. ಹಾಗಾಗಿ ಸಣ್ಣ ಗಾಯಗಳು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಗುತ್ತಿಗೆಯವರದ್ದು ಇನ್ನೂ ಕಷ್ಟ. ಪ್ಯಾಕಿಂಗ್ ಕಡೆ 50 ಕೆಜಿ ಚೀಲ ಎತ್ತಿ ಬೆನ್ನು ಹಿಡಿದವನನ್ನು ಗುತ್ತೇದಾರ "ಊರಿಗೆ ಹೋದ" ಅಂತ ಬರೆದಿರುತ್ತಾನೆ. ಊರಿಗೆ ಹೋದ ಅಂತಿರುವ ಪ್ರತಿ ಹೆಸರಿನ ಮುಂದೆಯೂ ಪ್ರಶ್ನೆ ಚಿಹ್ನೆ ಹಾಕಿ.

ಒಂದು ಉದಾಹರಣೆ ನೋಡಿ. ಎಚ್‌ಆರ್ ಹೇಳುತ್ತದೆ: 20 ಜನರಿಗೆ ಗಾಯ, 18 ಜನ ವಾಪಸ್, ಅಂದರೆ ನೂರಕ್ಕೆ 90. ನೀವು ಪುಸ್ತಕ ಹೊಂದಿಸಿದಾಗ ಗಾಯಗೊಂಡವರು 26 ಆಗುತ್ತಾರೆ. ಎಚ್‌ಆರ್ ಪಟ್ಟಿಯಲ್ಲಿ ಇಲ್ಲದ ಆರು ಜನರಲ್ಲಿ ನಾಲ್ವರು ಗುತ್ತಿಗೆಯವರು, ಇಬ್ಬರು ರಾಜೀನಾಮೆ ಕೊಟ್ಟವರು. ರಾಜೀನಾಮೆ ಕೊಟ್ಟವರನ್ನು ಪಟ್ಟಿಯಿಂದ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಗಾಯಕ್ಕೂ ರಾಜೀನಾಮೆಗೂ ಸಂಬಂಧ ಇಲ್ಲ ಅಂತ ಅವರನ್ನೇ ಕೇಳದೆ ಹೇಗೆ ಹೇಳುತ್ತೀರಿ? ವಾಪಸ್ ಬಂದ 18ರಲ್ಲಿ ಆರು ತಿಂಗಳ ನಂತರವೂ ಕೆಲಸದಲ್ಲಿ ಇರುವವರು 11 ಅಂದುಕೊಳ್ಳಿ. ನಿಮ್ಮ ಉತ್ತರ 26ಕ್ಕೆ 11. ಹೀಗೇ ಬರೆಯಿರಿ. ಇಷ್ಟು ಕಡಿಮೆ ಜನರಿಗೆ ಶೇಕಡಾ ಲೆಕ್ಕ ಹಾಕಿದರೆ ಒಬ್ಬ ಹೆಚ್ಚುಕಡಿಮೆಯಾದರೂ ನಾಲ್ಕು ಅಂಕ ಏರುತ್ತದೆ, ಇಳಿಯುತ್ತದೆ.

ಇನ್ನು "ವಾಪಸ್" ಅಂದರೇನು? ಗೇಟಿನಲ್ಲಿ ಪಂಚ್ ಮಾಡಿದ್ದಲ್ಲ. ನನ್ನ ಪ್ರಕಾರ ನಾಲ್ಕು ಗುಂಪು ಬೇಕೇ ಬೇಕು. ಹಳೆಯ ಕೆಲಸ, ಹಳೆಯ ಪಗಾರ. ಬದಲಾದ ಕೆಲಸ, ಹಳೆಯ ಪಗಾರ. ಬದಲಾದ ಕೆಲಸ, ಕಡಿಮೆ ಪಗಾರ. ಕೊನೆಯದು ಬೆಂಚು. ಈ ಬೆಂಚಿನ ಗುಂಪು ಬರೆಯಲು ಮ್ಯಾನೇಜರ್ ಒಪ್ಪುವುದಿಲ್ಲ. ಬರೆಯಿರಿ. ಗಾಯದಿಂದ ಕೆಲಸ ಮಾಡಲಾಗದ ಅವಧಿಗೆ ಇಎಸ್‌ಐ ಸುಮಾರು ಶೇ 90ರಷ್ಟು ಕೂಲಿ ಕೊಡುತ್ತದೆ, ಆದರೆ ದುಡಿದು ಪಗಾರ ತೆಗೆದುಕೊಂಡ ದಿನಕ್ಕೆ ಕೊಡುವುದಿಲ್ಲ. ಪ್ಲಾಸ್ಟರ್ ಕಾಲಿನವನನ್ನು ಅರ್ಧ ಪಗಾರಕ್ಕೆ ಬೆಂಚಿನ ಮೇಲೆ ಕೂರಿಸಿದರೆ ಅವನಿಗೆ ಆ ಹಣವೂ ಇಲ್ಲ, ಮನೆಯಲ್ಲಿ ಕಾಲು ಚಾಚುವ ಸುಖವೂ ಇಲ್ಲ.

ಹೆಜ್ಜೆ 2: ಸರಿಯಾದ ತಿಂಗಳುಗಳನ್ನು ಹೋಲಿಸಿ

ನಮ್ಮ ಕಡೆ ಕೆಲಸವೇ ಸೀಜನ್ ಮೇಲೆ ನಡೆಯುತ್ತದೆ. ತೊಗರಿ ಬಂದ ಮೇಲೆ ದಾಲ್ ಮಿಲ್‌ಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಬೀದರ್‌ನಲ್ಲಿ ಕಬ್ಬು ನುರಿಸುವ ತಿಂಗಳುಗಳು ಮುಗಿದರೆ ಅರ್ಧ ಜನ ಮನೆಗೆ. ಮಾರ್ಚ್‌ನಲ್ಲಿ ಗಾಯವಾದವನು ಜೂನ್‌ನಲ್ಲಿ ಕಾಣದಿದ್ದರೆ ಅದು ಬೆನ್ನುನೋವಾ, ಸೀಜನ್ ಮುಗಿದದ್ದಾ? ಜನವರಿಯನ್ನು ಹಿಂದಿನ ಜನವರಿಗೇ ಹೋಲಿಸಿ. ಇನ್ನೊಂದು ಮೋಸವಿದೆ. ಅಪಘಾತ ವಿಪರೀತ ಆದ ವರ್ಷದ ಬೆನ್ನಿಗೇ ಯೋಜನೆ ತಂದರೆ, ಮುಂದಿನ ವರ್ಷ ಸಂಖ್ಯೆ ತಾನಾಗಿಯೇ ಇಳಿದರೂ ಯೋಜನೆಗೆ ಹೆಸರು ಬರುತ್ತದೆ. ಕನಿಷ್ಠ ಮೂರು ವರ್ಷದ ಹಳೆಯ ಲೆಕ್ಕ ಇಟ್ಟುಕೊಳ್ಳಿ.

ಹೆಜ್ಜೆ 3: ಮೊದಲ ಫೋನ್ ಯಾವಾಗ ಹೋಯಿತು?

ಗಾಯವಾದ ದಿನದಿಂದ ಸೂಪರ್‌ವೈಸರ್ ವಿಚಾರಿಸಿದ ದಿನದವರೆಗೆ ಎಣಿಸಿ. ಟೊರೊಂಟೊದ ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್ ಗಾಯಗೊಂಡವರನ್ನು ಕೆಲಸಕ್ಕೆ ಮರಳಿಸಲು 2007ರಲ್ಲಿ ಕೊಟ್ಟ ಏಳು ಸೂತ್ರಗಳಲ್ಲಿ ಬೇಗ, ಕಾಳಜಿಯಿಂದ ಮಾತಾಡಿಸುವುದೂ ಒಂದು. "ಯಾವಾಗ ಬರ್ತೀ?" ಅನ್ನುವುದು ಕಾಳಜಿ ಅಲ್ಲ.

ಹೆಜ್ಜೆ 4: ಮಾತಾಡಿ

ಎಚ್‌ಆರ್ ಕೋಣೆಯಲ್ಲಿ ಅಲ್ಲ, ಚಹಾದ ಅಂಗಡಿಯಲ್ಲೋ ಮನೆಯಲ್ಲೋ. ಅವರ ಮಾತಿನಲ್ಲೇ, ಅದು ದಖನಿ ಆಗಿರಲಿ, ತೆಲುಗು, ಮರಾಠಿ ಆಗಿರಲಿ. ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದರೆ ಫೋನ್ ಮಾಡಿ. ಬಿಟ್ಟುಹೋದವರ ಹತ್ತು ನಿಮಿಷದ ಮಾತಿನಲ್ಲಿ ಬರುವುದು ಉಳಿದವರ ಹತ್ತು ಫಾರಂಗಳಲ್ಲಿ ಬರುವುದಿಲ್ಲ. ನಗುಮುಖ, ಅಳುಮುಖದ ಫಾರಂ ಮಾರುವವರು ಬರುತ್ತಾರೆ, ಕಳಿಸಿಬಿಡಿ. ಸೂಪರ್‌ವೈಸರ್ ನಿಂತು ನೋಡುತ್ತಿದ್ದರೆ ಎಲ್ಲರೂ ನಗುಮುಖಕ್ಕೇ ಟಿಕ್ ಹಾಕುತ್ತಾರೆ. ಜೊತೆಗೆ ದುಡಿಯುವವರನ್ನೂ ಕೇಳಿ. ಹಗುರ ಕೆಲಸ ಸಿಕ್ಕವನ ಪಾಲಿನ ಚೀಲ ಯಾರ ಬೆನ್ನಿಗೆ ಬಿತ್ತು ಅನ್ನುವುದು ಅವರಿಗೇ ಗೊತ್ತು.

ಸೊಂಟದ ಬೆಲ್ಟ್ ಬಗ್ಗೆ ಒಂದು ಮಾತು. ಬೆಲ್ಟ್ ಹಂಚಿ "ಯೋಜನೆ ಜಾರಿ" ಅಂತ ಬರೆದ ವರದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಗಾಯವಿಲ್ಲದವರಿಗೆ ಬೆಲ್ಟ್ ಕಟ್ಟಿದರೆ ಬೆನ್ನು ಉಳಿಯುತ್ತದೆ ಅನ್ನಲು ಆಧಾರ ಸಾಲದು ಅಂತ ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ ಸಂಸ್ಥೆ 1994ರಲ್ಲೇ ಹೇಳಿದೆ. ಅದೇ ದುಡ್ಡಿಗೆ ತಳ್ಳುಗಾಡಿ ಬರುತ್ತದೆ.

ಹೆಜ್ಜೆ 5: ಕಾನೂನು ನೋಡಿ

ಸರ್ಕಾರಿ ಸಂಸ್ಥೆಯಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗಟ್ಟಿಯಾಗಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ಬಸ್ ಡ್ರೈವರ್‌ಗೆ ಕಣ್ಣು ಹೋದರೆ ಡಿಪೊದಲ್ಲಿ ಅದೇ ಶ್ರೇಣಿಯ ಕೆಲಸ ಸಿಕ್ಕಿತಾ ಅಂತ ನೋಡಿ. ಖಾಸಗಿಯವರ ಬಳಿ ಸಮಾನ ಅವಕಾಶ ನೀತಿಯ, ಅಂದರೆ ಅಂಗವಿಕಲರಿಗೆ ಏನು ಅನುಕೂಲ ಕೊಡುತ್ತೇವೆ ಅಂತ ಬರೆದಿಟ್ಟ ಕಾಗದದ, ಪ್ರತಿ ಕೇಳಿ. ಬೇರೆ ಕಂಪನಿಯ ಹೆಸರು ತಪ್ಪಿ ಉಳಿದಿರುವ ಪ್ರತಿಯೂ ನನ್ನ ಕೈಗೆ ಬಂದಿದೆ.

ವರದಿ ಒಂದು ಪುಟ ಸಾಕು. ಆದರೆ ಮನೆ ಭೇಟಿಯನ್ನು ಏಪ್ರಿಲ್, ಮೇಗೆ ಇಡಬೇಡಿ. ಆ ಬಿಸಿಲಲ್ಲಿ ನೀವು ಮೂರನೇ ಮನೆಗೇ ನಿಲ್ಲಿಸಿಬಿಡುತ್ತೀರಿ. ದೂರದ ತಾಂಡಾದಲ್ಲಿರುವವರು ಪಟ್ಟಿಯಲ್ಲಿ ಕೊನೆಗೆ ಬಂದಿರುತ್ತಾರೆ, ಅವರನ್ನೇ ಮೊದಲು ನೋಡಿ ಬನ್ನಿ.