ಹೊಸ ಅಕೂಸ್ಟಿಕ್ ಗಿಟಾರ್ ಆರಿಸಿಕೊಂಡದ್ದು ಹೀಗೆ

ಈ ಸಲ ಗಿಟಾರ್ ಕೊಳ್ಳುವಾಗ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ: ಆಮೇಲೆ ಸರಿ ಮಾಡಲು ಆಗದೇ ಇರುವುದು ಯಾವುದು? ತಂತಿ ಬದಲಾಯಿಸಬಹುದು, ಆಕ್ಷನ್ (ಒತ್ತುವ ಜಾಗದಿಂದ ತಂತಿಗಿರುವ ಎತ್ತರ) ಇಳಿಸಬಹುದು. ಬಾಡಿಯ ಗಾತ್ರ, ಎಡಗೈಯಲ್ಲಿ ಹಿಡಿಯುವ ನೆಕ್‌ನ ದಪ್ಪ, ಮುಂದಿನ ಹಲಗೆಯ ಮರ ಮಾತ್ರ ಬಂದ ಹಾಗೇ ಇರುತ್ತವೆ.

ಮೊದಲು ಹಿಡಿದದ್ದು ಡ್ರೆಡ್‌ನಾಟ್ ಅನ್ನುವ ದೊಡ್ಡ ಬಾಡಿಯ ಮಾದರಿ. ಸ್ಟ್ರಮ್ ಮಾಡಿದರೆ (ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸಿದರೆ) ಬೇಸ್ ತುಂಬಿಕೊಂಡು ಬರುತ್ತದೆ, ಹಾಡಿನ ಜೊತೆಗೆ ನುಡಿಸಲು ಚೆಂದ. ಆದರೆ ನಾನು ಜಾಸ್ತಿ ನುಡಿಸುವುದು ಬೆರಳಲ್ಲಿ, ಅದೂ ಕೂತುಕೊಂಡು. ಆ ದಪ್ಪ ಬಾಡಿಯ ಮೇಲೆ ಕೈ ಹಾಕಿ ಕೂತರೆ ಬಲಭುಜ ಮೇಲೇಳುತ್ತಿತ್ತು. ನಡು ಸಣ್ಣಗಿರುವ ಓಎಂ ಮಾದರಿ ತೊಡೆಯ ಮೇಲೆ ಸರಿಯಾಗಿ ಕೂತಿತು. ಬೇಸ್ ಕಮ್ಮಿ, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ, ಅಂದರೆ ನಟ್‌ನ ಅಗಲ ಡ್ರೆಡ್‌ನಾಟ್‌ನಲ್ಲಿ 43, ಓಎಂನಲ್ಲಿ 44.5 ಮಿ.ಮೀ. ಒಂದೂವರೆ ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದಾಗ ಬೆರಳು ಪಕ್ಕದ ತಂತಿಗೆ ತಾಗುವುದು ನಿಂತಿತು.

ನಾದ ಹೋಲಿಸುವುದೇ ಕಷ್ಟ. ಒಂದರಲ್ಲಿ ಹೊಸ ತಂತಿ, ಇನ್ನೊಂದರಲ್ಲಿ ಕಪ್ಪಿಟ್ಟ ತಂತಿ ಇದ್ದರೆ ನಾವು ಕೇಳುವುದು ತಂತಿಯನ್ನೇ. ಹಾಗಾಗಿ ಮಂಕಾಗಿ ಕೇಳಿಸಿದ್ದನ್ನು ಕೂಡಲೇ ಪಕ್ಕಕ್ಕಿಡಲಿಲ್ಲ. ಗೆಳೆಯನ ಕೈಗೆ ಕೊಟ್ಟು, ಅದೇ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ), ಅದೇ ಕಾರ್ಡ್ ನುಡಿಸಲು ಹೇಳಿ, ನಾನು ಎದುರಿಗೆ ನಿಂತು ಕೇಳಿದೆ. ಗಿಟಾರ್ ಸದ್ದು ಮುಂದಕ್ಕೆ ಹೋಗುತ್ತದೆ, ನುಡಿಸುವವನಿಗೆ ಪೂರ್ತಿ ಸಿಗುವುದಿಲ್ಲ. ಸೀಡರ್ ಮರದ ಹಲಗೆ ಮೆಲ್ಲಗೆ ಮೀಟಿದರೂ ಮೃದುವಾಗಿ ತುಂಬಿ ಬಂತು. ಸ್ಪ್ರೂಸ್ ಮರದ್ದು ಜೋರಾಗಿ ಬಾರಿಸಿದರೂ ಸದ್ದು ಒಡೆಯಲಿಲ್ಲ. ಇನ್ನು ಹಲಗೆ ಪೂರ್ತಿ ಮರದ್ದೋ ಪ್ಲೈವುಡ್ಡೋ ಅಂತ ತಿಳಿಯಲು ಸದ್ದು ಬರುವ ರಂಧ್ರದ ಅಂಚು ನೋಡಿದೆ. ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಪೂರ್ತಿ ಮರ, ಪದರ ಪದರ ಕಂಡರೆ ಪ್ಲೈವುಡ್.

ಆಮೇಲೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ, ಎಲ್ಲಾದರೂ ಝರ್ ಅನ್ನುತ್ತದಾ ಅಂತ ನೋಡಿದೆ. ಬೇಜಾರಿನ ಕೆಲಸ, ಬಿಡುವಂತಿಲ್ಲ. 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿ ಒತ್ತದೆ ಸುಮ್ಮನೆ ಮುಟ್ಟಿ ಮೀಟಿದಾಗ ಬರುವ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ, ಎರಡೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು.

ಕೊನೆಗೆ ಸ್ಪ್ರೂಸ್ ಹಲಗೆಯ ಓಎಂ ತೆಗೆದುಕೊಂಡೆ. ದಪ್ಪ ಇ ತಂತಿಯ ಆಕ್ಷನ್ 12ನೇ ಫ್ರೆಟ್‌ನಲ್ಲಿ 3 ಮಿ.ಮೀ. ಇತ್ತು, ಎಫ್ ಕಾರ್ಡ್‌ಗೆ ಕೈ ನೋಯುವಷ್ಟು. ಆದರೂ ಹೆದರಲಿಲ್ಲ, ಯಾಕೆಂದರೆ ಬಾಡಿಯ ಮೇಲೆ ತಂತಿಗಳು ಕೂರುವ ಪಟ್ಟಿ, ಅಂದರೆ ಸ್ಯಾಡಲ್‌ನಲ್ಲಿ ತೇಯಲು ಎತ್ತರ ಉಳಿದಿತ್ತು. ಸ್ಯಾಡಲ್ 1 ಮಿ.ಮೀ. ತೇದರೆ 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯುತ್ತದೆ. ರಿಪೇರಿಯವರು ಅಷ್ಟೇ ತೇದು ಕೊಟ್ಟರು. ಈಗ ಎಫ್ ಆರಾಮಾಗಿ ಬರುತ್ತದೆ.