ಬಗ್ಗಿಗೆ 1.8 ಮೀಟರ್ ವೀಲ್‌ಬೇಸ್ ಸಾಕೆಂದು ನಿರ್ಧರಿಸಿದ್ದು

ಕಬ್ಬಿಣದ ಕೊಳವೆಗಳನ್ನು ಬೆಸೆದು ಇಬ್ಬರು ಕೂರುವ ‘ಬಗ್ಗಿ’ ಎಂಬ ಪುಟ್ಟ ಮೋಟಾರು ಗಾಡಿ ಕಟ್ಟಲು ಹೊರಟಾಗ ಮೊದಲು ತೀರ್ಮಾನವಾಗಬೇಕಿದ್ದುದು ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲ್‌ನಿಂದ (ಚಕ್ರಗಳ ಅಚ್ಚಿನಿಂದ) ಹಿಂದಿನ ಆಕ್ಸಲ್‌ವರೆಗಿನ ಅಂತರ. ಎಂಜಿನ್, ಸೀಟು, ಟ್ಯಾಂಕ್ ಎಲ್ಲವೂ ಆಮೇಲೆ ಅದರೊಳಗೆ ಜಾಗ ಹುಡುಕಿಕೊಳ್ಳುತ್ತವೆ.

ನೆಲದ ಮೇಲೆ ಸೀಮೆಸುಣ್ಣದಿಂದ 1.5 ಮತ್ತು 2 ಮೀಟರಿನ ಎರಡು ಗೆರೆ ಎಳೆದು ಲೆಕ್ಕಕ್ಕೆ ಕೂತೆ. ಸ್ಪ್ರಿಂಗ್‌ಗಳನ್ನು ಬದಿಗಿಟ್ಟರೆ, ಮುಂದಿನ ಚಕ್ರಗಳು 5 ಸೆಂ.ಮೀ. ಉಬ್ಬು ಹತ್ತಿದಾಗ ಗಿಡ್ಡ ಗಾಡಿ ಸುಮಾರು 1.9 ಡಿಗ್ರಿ ಓರೆಯಾಗುತ್ತದೆ, ಉದ್ದನೆಯದು 1.4. ಕಾಗದದಲ್ಲಿ ಅಲ್ಪವೆನಿಸುವ ಈ ವ್ಯತ್ಯಾಸ ಕುತ್ತಿಗೆಗೆ ಚೆನ್ನಾಗಿ ಗೊತ್ತಾಗುತ್ತದೆ. ಬ್ರೇಕ್ ಹಾಕಿದಾಗ ಮೂತಿ ತಗ್ಗುವುದೂ ಗಿಡ್ಡದರಲ್ಲೇ ಹೆಚ್ಚು.

ಹಾಗಾದರೆ ಉದ್ದವನ್ನೇ ಆರಿಸಬಾರದೇಕೆ? ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಉದ್ದನೆಯ ಗಾಡಿ ದೊಡ್ಡ ವೃತ್ತ ಬೇಡುತ್ತದೆ. ದಿಬ್ಬ ಹತ್ತಿಳಿಯುವಾಗ ಹೊಟ್ಟೆ ತಾಗುತ್ತದೆ. ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ: ಎರಡು ತುದಿಗಳ ಆಸರೆಯ ತೊಲೆಯ ನಡುವೆ ಭಾರವಿಟ್ಟರೆ ಅದು ಬಾಗುವ ಪ್ರಮಾಣ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 1.5 ಮೀಟರಿನದನ್ನು 2ಕ್ಕೆ ಹಿಗ್ಗಿಸಿದರೆ, ಅದೇ ಕೊಳವೆ, ಅದೇ ಭಾರಕ್ಕೆ ಬಾಗು 2.4 ಪಟ್ಟು. ಅದನ್ನು ತಡೆಯಲು ಓರೆ ಪಟ್ಟಿಗಳನ್ನು ಬೆಸೆಯಬೇಕು, ತೂಕ ಏರುತ್ತದೆ. 1.8ರಲ್ಲಿ ನಿಂತದ್ದಕ್ಕೆ ಮುಖ್ಯ ಕಾರಣ ಇದೇ.

ಆದರೆ ಅಂತರವಷ್ಟೇ ಸವಾರಿಯ ಸುಖವನ್ನು ನಿರ್ಧರಿಸುವುದಿಲ್ಲ. ಅದರೊಳಗೆ ನಾವು ಎಲ್ಲಿ ಕೂರುತ್ತೇವೆ ಎಂಬುದೂ ಮುಖ್ಯ. ಹಿಂದಿನ ಆಕ್ಸಲ್ ಮೇಲೆಯೇ ಕೂತರೆ ಆ ಚಕ್ರಗಳ ಏಟು ಪೂರ್ತಿ ಬೆನ್ನಿಗೆ. ನಟ್ಟನಡುವೆ ಕೂತರೆ ಅರ್ಧ ಮಾತ್ರ. ಆದ್ದರಿಂದ ಸೀಟಿನ ಹಳಿಗೆ ಸಾಲಾಗಿ ತೂತು ಕೊರೆದು, ಓಡಿಸಿ ನೋಡುತ್ತಾ, ಪೆಡಲ್‌ಗೆ ಕಾಲು ಸರಾಗವಾಗಿ ಮಡಚಿಕೊಳ್ಳುವ ಮಟ್ಟಿಗೆ ಮುಂದೆ ತಂದೆ.

ಕೊನೆಗೆ ಉಳಿದದ್ದು ಸ್ಪ್ರಿಂಗ್. ಗಂಟೆಗೆ 36 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರ ತಿಂದ ಏಟನ್ನು ಹಿಂದಿನದು 0.18 ಸೆಕೆಂಡ್ ತಡವಾಗಿ ತಿನ್ನುತ್ತದೆ. ಹಿಂಭಾಗ ಮುಂಭಾಗಕ್ಕಿಂತ ತುಸು ಬೇಗ ಕುಣಿದರೆ ಎರಡೂ ಬೇಗನೆ ಒಂದೇ ಲಯಕ್ಕೆ ಬಂದು ತೂಗಾಟ ಇಳಿಯುತ್ತದೆ. ಹಾಗಾಗಿ ಹಿಂದೆ ತುಸು ಗಡುಸು ಸ್ಪ್ರಿಂಗ್ ಹಾಕಿದೆ. ಒಬ್ಬನೇ ಕೂತು ಓಡಿಸುವಾಗ ಅದು ಸ್ವಲ್ಪ ಒರಟೆನಿಸುತ್ತದೆ, ಇಬ್ಬರಿದ್ದಾಗ ಸರಿಹೋಗುತ್ತದೆ.